ನೂರು ತಪ್ಪಿದ ಎಸೆತಗಳು

ಅಮೆರಿಕದಲ್ಲಿ ಭಾನುವಾರ ಸಂಜೆ ನಡೆಯುವ ಬಾಸ್ಕೆಟ್‌ಬಾಲ್ ಪಂದ್ಯ ಕಾಸರಗೋಡಿಗೆ ಬರುವಾಗ ಸೋಮವಾರ ಬೆಳಗಾಗಿರುತ್ತದೆ. ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಬಿಎಯ ಫೈನಲ್ಸ್ ಸಾಮಾನ್ಯವಾಗಿ ಇರುವುದೇ ಜೂನ್ ತಿಂಗಳಲ್ಲಿ. ಹೊರಗೆ ಮಳೆ ಹಿಡಿದಿರುತ್ತದೆ, ಶಾಲೆ ಶುರುವಾಗಿರುತ್ತದೆ, ಕರೆಂಟಿನ ಮೇಲೆ ಯಾರಿಗೂ ನಂಬಿಕೆ ಇರುವುದಿಲ್ಲ. ಹೀಗಾಗಿ ಕುಂಬಳೆಯಿಂದ ಮಂಜೇಶ್ವರದವರೆಗೆ ಈ ಆಟವನ್ನು ಹಿಂಬಾಲಿಸುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಪಂದ್ಯ ಸಿಗುವುದು ಬಸ್ಸಿನಲ್ಲಿ ನಿಂತು ಮೊಬೈಲಿನಲ್ಲಿ ನೋಡುವ ಒಂದು ಕೋಷ್ಟಕದ ರೂಪದಲ್ಲಿ. ಎರಡು ತಂಡ, ಇಪ್ಪತ್ತು ಚಿಲ್ಲರೆ ಹೆಸರು, ಪ್ರತಿ ಹೆಸರಿನ ಮುಂದೆ ಹದಿನೈದರಷ್ಟು ಅಂಕಿ. ಅದಕ್ಕೆ ಬಾಕ್ಸ್ ಸ್ಕೋರ್ ಎನ್ನುತ್ತಾರೆ.

ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಕೊನೆಯ ಕಾಲಂಗೆ, ಅಂದರೆ ಪಾಯಿಂಟಿಗೆ. ಯಾರು 30 ಹೊಡೆದರು, ಯಾರು 12ಕ್ಕೆ ನಿಂತರು ಎಂದು ನೋಡಿ ಮುಗಿಸುತ್ತಾರೆ. ಪಂದ್ಯ ಅರ್ಥವಾಗಬೇಕಾದರೆ ಕಣ್ಣು ಮೊದಲು ಹೋಗಬೇಕಾದದ್ದು ಎಸೆತಗಳ ಕಾಲಂಗೆ. ಎಷ್ಟು ಬಿತ್ತು ಎನ್ನುವುದರ ಪಕ್ಕದಲ್ಲೇ ಎಷ್ಟು ಎಸೆದರು ಎಂದೂ ಬರೆದಿರುತ್ತದೆ. ಅಡಿಕೆ ಬೆಳೆಯುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಣಿಯ ತೂಕ ಕೇಳಿ ಯಾರೂ ಹಣ ಎಣಿಸುವುದಿಲ್ಲ. ಗಾರ್ಬಲ್ ಮಾಡಿ ಚಾಲಿ ಎಷ್ಟು, ಪಟೋರ ಎಷ್ಟು, ಕರಿಗೋಟು ಎಷ್ಟು ಎಂದು ಬೇರೆ ಮಾಡಿದ ಮೇಲೆಯೇ ರೇಟಿನ ಮಾತು. ಪಾಯಿಂಟ್ ಎಂಬುದು ಗೋಣಿಯ ತೂಕ. ಒಳಗಿನ ಮಾಲು ಯಾವುದು ಎನ್ನುವುದು ಎಸೆತದ ಕಾಲಂನಲ್ಲಿದೆ.

ಇದಕ್ಕೆ ಒಂದು ಪಂದ್ಯವನ್ನು ಪೂರ್ತಿ ಬಿಡಿಸಿ ನೋಡುವುದು ಒಳ್ಳೆಯದು. 2016ರ ಜೂನ್ 19ರಂದು ಓಕ್ಲೆಂಡ್‌ನಲ್ಲಿ ನಡೆದ ಎನ್‌ಬಿಎ ಫೈನಲ್ಸ್‌ನ ಏಳನೇ ಪಂದ್ಯ ಅದು. ಫೈನಲ್ಸ್ ಎಂದರೆ ಒಂದೇ ಪಂದ್ಯವಲ್ಲ, ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಟ್ರೋಫಿ ಸಿಗುವ ಸರಣಿ. ನಮ್ಮ ಗಡಿಯಾರದಲ್ಲಿ 20ರ ಬೆಳಗ್ಗೆ ಐದೂವರೆ. ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ 93, ಗೋಲ್ಡನ್ ಸ್ಟೇಟ್ ವಾರಿಯರ್ಸ್ 89. ವಾರಿಯರ್ಸ್ ಆ ಸೀಸನ್‌ನಲ್ಲಿ 73 ಪಂದ್ಯ ಗೆದ್ದು 9 ಮಾತ್ರ ಸೋತಿದ್ದ ತಂಡ; ಫೈನಲ್ಸ್‌ನಲ್ಲೂ 3-1ರ ಮುನ್ನಡೆ ಅದರದ್ದೇ ಆಗಿತ್ತು. ಹಾಗೆ ಹಿಂದೆ ಬಿದ್ದ ತಂಡವೊಂದು ಫೈನಲ್ಸ್ ಗೆದ್ದದ್ದು ಅದೇ ಮೊದಲು.

ಮೊದಲ ಆರು ಪಂದ್ಯಗಳ ಮೊತ್ತ ಕೂಡಿಸಿ ನೋಡಿ. ವಾರಿಯರ್ಸ್: 104, 110, 90, 108, 97, 101. ಕ್ಯಾವಲಿಯರ್ಸ್: 89, 77, 120, 97, 112, 115. ಎರಡೂ 610! ಏಳನೇ ಪಂದ್ಯದಲ್ಲಿ ಸ್ಕೋರು 89-89 ಆದಾಗ ಎರಡು ತಂಡಗಳ ಒಟ್ಟು ಮೊತ್ತ 699-699. ಒಂದು ಪಂದ್ಯ 33ರ ಅಂತರದಲ್ಲಿ, ಇನ್ನೊಂದು 30ರ ಅಂತರದಲ್ಲಿ ಮುಗಿದ ಸರಣಿಯಲ್ಲಿ ಇಂಥ ಸಮ ಬಂದಿರುವುದು ನೋಡಿದಷ್ಟು ಸಲವೂ ಮೈ ಜುಮ್ಮೆನಿಸುತ್ತದೆ.

ಈಗ ಆ ಕೊನೆಯ ಪಂದ್ಯದ ತಂಡದ ಸಾಲುಗಳು. ಕ್ಯಾವಲಿಯರ್ಸ್ 82 ಎಸೆದು 33 ಹಾಕಿದರು. ಅದರಲ್ಲಿ ತ್ರೀ ಪಾಯಿಂಟರ್, ಅಂದರೆ ದೂರದ ಗೆರೆಯ ಹೊರಗಿನಿಂದ ಎಸೆಯುವ ಮೂರು ಪಾಯಿಂಟಿನ ಎಸೆತ, 25ಕ್ಕೆ 6 (25 ಎಸೆದು 6 ಬಿದ್ದವು). ಫೌಲಿಗೆ ಸಿಗುವ ಒಂದು ಪಾಯಿಂಟಿನ ಎಸೆತವಾದ ಫ್ರೀ ಥ್ರೋ 25ಕ್ಕೆ 21. ವಾರಿಯರ್ಸ್ 83 ಎಸೆದು 32 ಹಾಕಿದರು. ತ್ರೀ 41ಕ್ಕೆ 15, ಫ್ರೀ ಥ್ರೋ 13ಕ್ಕೆ 10. ಬಾಕ್ಸ್ ಸ್ಕೋರಿನಲ್ಲಿ ಒಟ್ಟು ಎಸೆತದ ಕಾಲಂ ಒಳಗೇ ತ್ರೀ ಸೇರಿರುತ್ತದೆ ಎನ್ನುವುದನ್ನು ಹೊಸಬರು ಮರೆಯುತ್ತಾರೆ. ಆದ್ದರಿಂದ ಲೆಕ್ಕ ಹೀಗೆ: ಬಿದ್ದ ಎಸೆತಗಳ ಎರಡರಷ್ಟು, ಅದಕ್ಕೆ ಬಿದ್ದ ತ್ರೀಗಳನ್ನು ಒಂದೊಂದಾಗಿ ಸೇರಿಸಬೇಕು, ಮೇಲೆ ಫ್ರೀ ಥ್ರೋ. 66, 6, 21 ಸೇರಿ 93. 64, 15, 10 ಸೇರಿ 89. ತಾಳೆ ಬಂತು.

ಎರಡು ಪಾಯಿಂಟಿನ ಎಸೆತಗಳನ್ನು ಬೇರೆ ತೆಗೆದರೆ ಆಟ ಕಣ್ಣಿಗೆ ಕಟ್ಟುತ್ತದೆ. ಕ್ಯಾವಲಿಯರ್ಸ್ 57ಕ್ಕೆ 27, ವಾರಿಯರ್ಸ್ 42ಕ್ಕೆ 17. ತ್ರೀಗಳಲ್ಲಿ ವಾರಿಯರ್ಸ್‌ಗೆ 27 ಪಾಯಿಂಟ್ ಲಾಭ. ಎರಡು ಪಾಯಿಂಟಿನ ಎಸೆತದಲ್ಲಿ ಕ್ಯಾವಲಿಯರ್ಸ್‌ಗೆ 20 ಲಾಭ, ಫ್ರೀ ಥ್ರೋದಲ್ಲಿ 11. ಇಪ್ಪತ್ತು, ಹನ್ನೊಂದು, ಒಟ್ಟು 31. ಅದರಲ್ಲಿ 27 ಕಳೆದರೆ 4. ಇಡೀ ಸರಣಿ ನಿಂತದ್ದು ಈ ನಾಲ್ಕರ ಮೇಲೆ. ಹೊರಗಿನಿಂದ ಎಸೆಯುವುದಕ್ಕೇ ಹೆಸರಾದ ತಂಡ ಅಂದು ಹೊರಗಿನಿಂದಲೇ ಗೆದ್ದು, ಬುಟ್ಟಿಯ ಹತ್ತಿರ ಮತ್ತು ಫ್ರೀ ಥ್ರೋ ಗೆರೆಯಲ್ಲಿ ಸೋತಿತು.

ಬರೀ ಶೇಕಡಾ ನೋಡಿದರೆ ಮೋಸ ಹೋಗುತ್ತೇವೆ. ಕ್ಯಾವಲಿಯರ್ಸ್ ಶೇ. 40.2, ವಾರಿಯರ್ಸ್ ಶೇ. 38.6. ಕ್ಯಾವಲಿಯರ್ಸ್ ಚೆನ್ನಾಗಿ ಎಸೆದರು ಎನಿಸುತ್ತದೆ. ಆದರೆ ಒಂದು ತ್ರೀ ಒಂದೂವರೆ ಎಸೆತಕ್ಕೆ ಸಮ. ಬಿದ್ದ ಎಸೆತಗಳಿಗೆ ತ್ರೀಗಳ ಅರ್ಧ ಸೇರಿಸಿ ಒಟ್ಟು ಎಸೆತದಿಂದ ಭಾಗಿಸಿದರೆ ಬರುವುದನ್ನು ಎಫೆಕ್ಟಿವ್ ಫೀಲ್ಡ್ ಗೋಲ್ ಶೇಕಡಾ ಎನ್ನುತ್ತಾರೆ. ಕ್ಯಾವಲಿಯರ್ಸ್‌ಗೆ 36 ಭಾಗಿಸು 82, ಅಂದರೆ 43.9. ವಾರಿಯರ್ಸ್‌ಗೆ 39.5 ಭಾಗಿಸು 83, ಅಂದರೆ 47.6. ಚೆನ್ನಾಗಿ ಎಸೆದವರು ಸೋತವರು!

ಫ್ರೀ ಥ್ರೋವನ್ನೂ ಸೇರಿಸಿಕೊಳ್ಳುವ ಇನ್ನೊಂದು ಅಳತೆ ಟ್ರೂ ಶೂಟಿಂಗ್. ಪಾಯಿಂಟನ್ನು, ಎಸೆತಕ್ಕೆ ಫ್ರೀ ಥ್ರೋದ 0.44 ಪಾಲು ಕೂಡಿಸಿದ ಮೊತ್ತದ ಎರಡರಷ್ಟರಿಂದ ಭಾಗಿಸಬೇಕು. ಈ 0.44 ಎಲ್ಲಿಂದ ಬಂತು ಎಂದು ಯಾರಿಗಾದರೂ ಪ್ರಶ್ನೆ ಬರಬೇಕು. ಪ್ರತಿ ಫೌಲಿಗೂ ಎರಡೇ ಫ್ರೀ ಥ್ರೋ ಇದ್ದಿದ್ದರೆ ಒಂದು ಫ್ರೀ ಥ್ರೋ ಅರ್ಧ ಅವಕಾಶ, ಅಂದರೆ 0.5. ಆದರೆ ಬಾಲ್ ಬಿದ್ದೂ ಫೌಲಾದಾಗ ಸಿಗುವ ಒಂದು ಹೆಚ್ಚುವರಿ ಫ್ರೀ ಥ್ರೋ ಹೊಸ ಅವಕಾಶವನ್ನು ತಿನ್ನುವುದಿಲ್ಲ. ಟೆಕ್ನಿಕಲ್ ಫೌಲಿನದ್ದೂ ಹಾಗೆಯೇ. ತ್ರೀ ಎಸೆಯುವಾಗ ಫೌಲಾದರೆ ಒಂದೇ ಅವಕಾಶಕ್ಕೆ ಮೂರು ಫ್ರೀ ಥ್ರೋ. ಇವೆಲ್ಲ ಸೇರಿ ಎನ್‌ಬಿಎ ಪಂದ್ಯಗಳಲ್ಲಿ ಸರಾಸರಿ 0.44ಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಕ್ಯಾವಲಿಯರ್ಸ್ 93 ಭಾಗಿಸು 186, ಸರಿಯಾಗಿ ಶೇ. 50. ವಾರಿಯರ್ಸ್ ಶೇ. 50.2. ಹೆಚ್ಚುಕಡಿಮೆ ಒಂದೇ.

ಹಾಗಾದರೆ ಗೆಲುವು ಬಂದದ್ದು ಎಲ್ಲಿಂದ? 82ಕ್ಕೆ 25ರ 0.44 ಪಾಲು, ಅಂದರೆ 11, ಸೇರಿಸಿದರೆ 93. ಎದುರು 83ಕ್ಕೆ 5.7 ಸೇರಿಸಿದರೆ 88.7. ಕ್ಯಾವಲಿಯರ್ಸ್‌ಗೆ ಬುಟ್ಟಿಯತ್ತ ನೋಡಲು ನಾಲ್ಕು ಅವಕಾಶ ಹೆಚ್ಚು ಸಿಕ್ಕಿತು. ಪ್ರತಿ ಅವಕಾಶಕ್ಕೆ ಸುಮಾರು ಒಂದು ಪಾಯಿಂಟಿನಂತೆ ನಾಲ್ಕು ಪಾಯಿಂಟ್. ರೀಬೌಂಡಿನ, ಅಂದರೆ ತಪ್ಪಿದ ಎಸೆತದ ಬಾಲನ್ನು ಹಿಡಿದದ್ದರ, ಕಾಲಂ ನೋಡಿ: 48-39. ಆ ರಾತ್ರಿ ಎರಡೂ ಕಡೆ ಸೇರಿ ಮೈದಾನದಿಂದ ತಪ್ಪಿದ ಎಸೆತಗಳು 49 ಮತ್ತು 51, ಸರಿಯಾಗಿ ನೂರು. ನೂರು ಸಲ ಬಾಲ್ ರಿಂಗಿಗೋ ಬೋರ್ಡಿಗೋ ತಾಗಿ, ಇಲ್ಲವೇ ಅಡ್ಡ ಬಂದ ಕೈಗೆ ತಾಗಿ ಯಾರದ್ದೂ ಅಲ್ಲದ್ದಾಯಿತು. ಅದನ್ನು ಹೆಚ್ಚು ಸಲ ಹಿಡಿದುಕೊಂಡವರ ಕಡೆಗೆ ಟ್ರೋಫಿ ಹೋಯಿತು.

ತಂಡದ ಸಾಲಿನಿಂದ ಆಟಗಾರರ ಸಾಲಿಗೆ ಇಳಿಯುವಾಗ ಮಾತ್ರ ಇನ್ನಷ್ಟು ಜಾಗ್ರತೆ ಬೇಕು. ಕ್ರಿಕೆಟ್ ಕಾರ್ಡಿನ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆ 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ದಿನದ ಸಾಲು 26.3-9-74-10. ಆ ನಾಲ್ಕು ಅಂಕಿಯಲ್ಲಿ ಕೆಲಸದ ಬಹುಪಾಲು ಇದೆ, ಏಕೆಂದರೆ ಕ್ರಿಕೆಟಿನಲ್ಲಿ ಒಂದು ಚೆಂಡಿಗೆ ಒಬ್ಬ ಬೌಲರ್, ಒಬ್ಬ ಬ್ಯಾಟ್ಸ್‌ಮನ್. ಕಬಡ್ಡಿಯಲ್ಲಿ ರೈಡ್ ಪಾಯಿಂಟ್, ಟ್ಯಾಕಲ್ ಪಾಯಿಂಟ್ ಎಂದು ಹೆಸರು ಹಿಡಿದು ಹಂಚಬಹುದು; ಸೂಪರ್ ಟೆನ್, ಹೈ ಫೈವ್ ಎಂದರೆ ಏನೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಬಾಸ್ಕೆಟ್‌ಬಾಲಿನಲ್ಲಿ ಹತ್ತು ಜನ ಒಟ್ಟಿಗೆ ಓಡುತ್ತಾ ಒಬ್ಬರ ಕೆಲಸ ಇನ್ನೊಬ್ಬರ ಕಾಲಂನಲ್ಲಿ ಬರೆಯಲ್ಪಡುತ್ತದೆ.

ಅದೇ ಪಂದ್ಯದ, ಕ್ಯಾವಲಿಯರ್ಸ್‌ನ ಲೆಬ್ರಾನ್ ಜೇಮ್ಸ್ ಸಾಲು: 27 ಪಾಯಿಂಟ್, 11 ರೀಬೌಂಡ್, 11 ಅಸಿಸ್ಟ್ (ಜತೆಗಾರನ ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್). ತ್ರಿಪಲ್ ಡಬಲ್, ಅಂದರೆ ಮೂರು ಕಾಲಂನಲ್ಲಿ ಎರಡಂಕಿ, ಎಂದು ಎಲ್ಲರೂ ಹೊಗಳಿದರು, ಹೊಗಳಬೇಕಾದದ್ದೇ. ಆ ಏಳು ಪಂದ್ಯಗಳಲ್ಲಿ ಎರಡೂ ತಂಡದ ಎಲ್ಲರಿಗಿಂತ ಹೆಚ್ಚು ಪಾಯಿಂಟ್, ರೀಬೌಂಡ್, ಅಸಿಸ್ಟ್, ಸ್ಟೀಲ್ (ಎದುರಾಳಿಯಿಂದ ಬಾಲ್ ಕಸಿದದ್ದು), ಬ್ಲಾಕ್ (ಎದುರಾಳಿಯ ಎಸೆತ ತಡೆದದ್ದು) ಐದೂ ಅವನದ್ದೇ. ಅಂಥದ್ದು ಬೇರೆ ಯಾವ ಪ್ಲೇಆಫ್ ಸರಣಿಯಲ್ಲೂ ಅದಕ್ಕೆ ಮೊದಲು ಆಗಿರಲಿಲ್ಲ. ಆದರೂ ಆ ದಿನ ಅವನ ಎಸೆತ 24ಕ್ಕೆ 9. ಎದುರಾಳಿ ಡ್ರೇಮಂಡ್ ಗ್ರೀನ್ 15ಕ್ಕೆ 11, ತ್ರೀ 8ಕ್ಕೆ 6, 32 ಪಾಯಿಂಟ್, 15 ರೀಬೌಂಡ್, 9 ಅಸಿಸ್ಟ್. ಕಾಗದದ ಮೇಲೆ ಅಂದಿನ ಅತ್ಯುತ್ತಮ ಸಾಲು ಸೋತ ತಂಡದ ಗ್ರೀನ್‌ನದ್ದು. ಮತ್ತೆ ವಾರಿಯರ್ಸ್ ಸೋತದ್ದು ಹೇಗೆ ಎಂದರೆ, ಸ್ಟೀಫನ್ ಕರಿ ತ್ರೀ 14ಕ್ಕೆ 4, ಕ್ಲೇ ಥಾಮ್ಸನ್ 10ಕ್ಕೆ 2. ಇಬ್ಬರೂ ಸೇರಿ 24ಕ್ಕೆ 6. ಉಳಿದವರೆಲ್ಲ ಸೇರಿ 17ಕ್ಕೆ 9.

ಕ್ಯಾವಲಿಯರ್ಸ್‌ನ ಕೆವಿನ್ ಲವ್ ಸಾಲು ನೋಡಿದರೆ ಪಾಪ ಅನಿಸುತ್ತದೆ: 9ಕ್ಕೆ 3, 9 ಪಾಯಿಂಟ್. ಆದರೆ 14 ರೀಬೌಂಡ್, ಪ್ಲಸ್-ಮೈನಸ್ ಕಾಲಂನಲ್ಲಿ +19. ಅವನು ಅಂಗಣದಲ್ಲಿದ್ದಷ್ಟು ಹೊತ್ತು ತಂಡ ಎದುರಾಳಿಗಿಂತ 19 ಹೆಚ್ಚು ಗಳಿಸಿತು, ಅಂದರೆ ಅವನು ಬೆಂಚಿನಲ್ಲಿದ್ದಾಗ 15 ಕಳೆದುಕೊಂಡಿತು ಎಂದರ್ಥ; ಒಟ್ಟು ಅಂತರ ನಾಲ್ಕೇ ಅಲ್ಲವೆ. ಕೊನೆಯ ನಿಮಿಷದಲ್ಲಿ, ಲವ್‌ನ ಜತೆಗಾರ ಕೈರಿ ಅರ್ವಿಂಗ್ 53 ಸೆಕೆಂಡ್ ಉಳಿದಿರುವಾಗ ತ್ರೀ ಹಾಕಿದ ಮೇಲೆ, ಕರಿಯ ಎದುರು ಲವ್ ಒಬ್ಬನೇ ಸಿಕ್ಕಿಬಿದ್ದ. ದೊಡ್ಡ ದೇಹದ, ಅಷ್ಟೇನೂ ಚುರುಕಲ್ಲದ ಆಟಗಾರ. ಕರಿ ಎಡಕ್ಕೆ ಬಲಕ್ಕೆ ಎಷ್ಟು ಆಡಿಸಿದರೂ ಬಿಡದೆ ಅಂಟಿಕೊಂಡು ನಿಂತ. ಕರಿಯ ಎಸೆತ ತಪ್ಪಿತು. ಬಾಕ್ಸ್ ಸ್ಕೋರಿನಲ್ಲಿ ಅದು ಕರಿಯ ಹೆಸರಿನ ಮುಂದೆ ಇನ್ನೊಂದು ತಪ್ಪಿದ ತ್ರೀ. ಲವ್ ಸಾಲಿನಲ್ಲಿ ಒಂದು ಚುಕ್ಕೆಯೂ ಇಲ್ಲ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕೃಷ್ಣಸಂಧಾನದಲ್ಲಿ ಕೃಷ್ಣನ ಅರ್ಥಕ್ಕೆ ಚಪ್ಪಾಳೆ ಬೀಳುವುದು ಎದುರು ಕೂತ ಕೌರವ ಸರಿಯಾದ ಜಾಗದಲ್ಲಿ ಸರಿಯಾದ ಪ್ರಶ್ನೆ ಎಸೆದಾಗ. ಮದ್ದಳೆಗಾರನ ಪೆಟ್ಟು ಅರೆಕ್ಷಣ ಆಚೆ ಈಚೆ ಆದರೆ ಭಾಗವತರ ಪದವೇ ಸೊರಗುತ್ತದೆ. ಚಪ್ಪಾಳೆ ಎಣಿಸಿ ಮೇಳದ ಬೆಲೆ ಕಟ್ಟುವವರು ಯಾರೂ ಇಲ್ಲ.

ಪ್ಲಸ್-ಮೈನಸ್ ಅಂಥ ಕೆಲಸವನ್ನು ಹಿಡಿಯಲು ಮಾಡಿದ ಪ್ರಯತ್ನ. ಆದರೆ ಒಂದೇ ಪಂದ್ಯದ ಪ್ಲಸ್-ಮೈನಸ್ಸನ್ನು ನಂಬಿ ಆಟಗಾರನಿಗೆ ತೀರ್ಪು ಕೊಡುವುದು ಅನ್ಯಾಯ. ಜತೆಗೆ ಆಡಿದ ನಾಲ್ವರು ಯಾರು, ಎದುರು ಇದ್ದವರು ಮೊದಲ ಐವರೋ ಬೆಂಚಿನವರೋ, ಆ ಹೊತ್ತಿನಲ್ಲಿ ಯಾರೋ ಇಬ್ಬರ ತ್ರೀ ಸುಮ್ಮನೆ ಬಿದ್ದವೋ, ಇದೆಲ್ಲ ಅದರಲ್ಲಿ ಬೆರೆತುಹೋಗಿರುತ್ತದೆ. ಇಪ್ಪತ್ತು ಮೂವತ್ತು ಪಂದ್ಯ ಕೂಡಿದ ಮೇಲೆ ಅದು ಸ್ವಲ್ಪ ಮಾತಾಡಲು ಶುರುಮಾಡುತ್ತದೆ.

ಬ್ಲಾಕಿನ ಕಾಲಂಗೂ ಇಂಥದ್ದೇ ಕುರುಡು ಇದೆ. ಅದೇ ಪಂದ್ಯದಲ್ಲಿ ಎರಡು ನಿಮಿಷಕ್ಕೆ ಹತ್ತು ಸೆಕೆಂಡ್ ಕಡಿಮೆ ಉಳಿದಿದ್ದಾಗ ಲೆಬ್ರಾನ್ ಹಿಂದಿನಿಂದ ಓಡಿಬಂದು ವಾರಿಯರ್ಸ್‌ನ ಆಂದ್ರೆ ಇಗ್ವಾಡಾಲಾನ ಲೇಅಪ್ಪನ್ನು (ಬುಟ್ಟಿಯ ಹತ್ತಿರದಿಂದ ಹಾಕುವ ಎಸೆತ) ಬೋರ್ಡಿಗೆ ಒತ್ತಿದ. ಬಾಲ್ ಒಳಗೇ ಉಳಿದು ಅವನ ತಂಡಕ್ಕೇ ಸಿಕ್ಕಿತು. ಕಾಲಂನಲ್ಲಿ ಅದು 1. ಮೊದಲ ಕ್ವಾರ್ಟರಿನಲ್ಲಿ ಯಾರಾದರೂ ಬಾಲನ್ನು ಗ್ಯಾಲರಿಗೆ ಬಾರಿಸಿ ಎದುರಾಳಿಗೇ ಮತ್ತೆ ಸಿಗುವಂತೆ ಮಾಡಿದ್ದರೂ ಅದೂ 1.

ಇನ್ನು ಕೆಲವು ಕಾಲಂಗಳೇ ಇಲ್ಲದಿದ್ದ ಕಾಲದ ಮಾತು. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷೆಯಲ್ಲಿ ವಿಲ್ಟ್ ಚೇಂಬರ್ಲೇನ್ ಒಬ್ಬನೇ 100 ಪಾಯಿಂಟ್ ಹೊಡೆದ. ಫಿಲಡೆಲ್ಫಿಯಾ ವಾರಿಯರ್ಸ್ 169, ನ್ಯೂಯಾರ್ಕ್ ನಿಕ್ಸ್ 147. ವಿಲ್ಟ್ ಸಾಲು: 63ಕ್ಕೆ 36, ಫ್ರೀ ಥ್ರೋ 32ಕ್ಕೆ 28, 25 ರೀಬೌಂಡ್, 2 ಅಸಿಸ್ಟ್. ಪಂದ್ಯಕ್ಕೆ ಬಂದವರು 4,124 ಜನ. ಟಿವಿ ಚಿತ್ರಣ ಇಲ್ಲ. ಕೈಯಲ್ಲಿ 100 ಎಂದು ಬರೆದ ಕಾಗದ ಹಿಡಿದ ವಿಲ್ಟ್‌ನ ಫೋಟೋ ಇದೆಯಲ್ಲ, ಆ ಅಂಕಿಯನ್ನು ಗೀಚಿಕೊಟ್ಟವನು ತಂಡದ ಅಂಕಿಅಂಶ ಬರೆಯುತ್ತಿದ್ದ ಹಾರ್ವೆ ಪೊಲಾಕ್. ಎನ್‌ಬಿಎಯ ಮೊದಲ ಸೀಸನ್ 1946-47ರಿಂದ ಹಿಡಿದು 2015ರಲ್ಲಿ ತೀರಿಕೊಳ್ಳುವವರೆಗೆ ಅದೇ ಕೆಲಸದಲ್ಲಿದ್ದ ಮನುಷ್ಯ. ಚಿತ್ರಣವೇ ಇಲ್ಲದ ಪಂದ್ಯವೊಂದು ಇಂದಿಗೂ ಉಳಿದಿರುವುದು ಅಂಥವರ ಬರವಣಿಗೆಯಿಂದ.

ಅಂದು ತ್ರೀ ಪಾಯಿಂಟ್ ಗೆರೆ ಇರಲಿಲ್ಲ. ಎನ್‌ಬಿಎಗೆ ಅದು ಬಂದದ್ದು 1979-80ರಲ್ಲಿ. ಕೋಬಿ ಬ್ರಯಂಟ್ 2006ರ ಜನವರಿ 22ರಂದು ಟೊರಾಂಟೊ ವಿರುದ್ಧ 81 ಹೊಡೆದಾಗ ಅದರಲ್ಲಿ 7 ತ್ರೀ ಇತ್ತು: ಎಸೆತ 46ಕ್ಕೆ 28, ಫ್ರೀ ಥ್ರೋ 20ಕ್ಕೆ 18. ಮೇಲಿನ ಅಳತೆಯಲ್ಲಿ ಟ್ರೂ ಶೂಟಿಂಗ್ ಕೋಬಿಗೆ ಶೇ. 73.9, ವಿಲ್ಟ್‌ಗೆ 64.9. ತಂಡದ ಮೊತ್ತದಲ್ಲಿ ಪಾಲು ಕೋಬಿಯದ್ದು 122ಕ್ಕೆ 81, ಮೂರರಲ್ಲಿ ಎರಡು ಭಾಗ. ವಿಲ್ಟ್‌ನದ್ದು 169ಕ್ಕೆ 100. ನನ್ನ ಮಟ್ಟಿಗೆ ಎರಡರಲ್ಲಿ ಹೆಚ್ಚು ಕಷ್ಟದ್ದು ಕೋಬಿಯ 81. ಅಂಕಿ ಮಾತ್ರ ನೋಡುವವರು ಒಪ್ಪಲಿಕ್ಕಿಲ್ಲ.

ವಿಲ್ಟ್ ಕಾಲದಲ್ಲಿ ಬ್ಲಾಕ್, ಸ್ಟೀಲ್ ಅಧಿಕೃತವಾಗಿ ಬರೆಯುತ್ತಿರಲಿಲ್ಲ. ಅವೆರಡೂ, ಜತೆಗೆ ಆಫೆನ್ಸಿವ್ (ತನ್ನ ತಂಡದ ತಪ್ಪಿದ ಎಸೆತದ್ದು) ಮತ್ತು ಡಿಫೆನ್ಸಿವ್ (ಎದುರಾಳಿಯದ್ದು) ರೀಬೌಂಡ್ ಎಂಬ ವಿಂಗಡಣೆಯೂ, ಎನ್‌ಬಿಎಯಲ್ಲಿ ಶುರುವಾದದ್ದು 1973-74ರ ಸೀಸನ್‌ನಲ್ಲಿ. ಆಟಗಾರನ ಟರ್ನ್‌ಓವರ್, ಅಂದರೆ ಎಸೆಯುವ ಮೊದಲೇ ಬಾಲ್ ಎದುರಾಳಿಗೆ ಹೋಗುವುದು, 1977-78ರಿಂದ. ಬಿಲ್ ರಸೆಲ್ ಹನ್ನೊಂದು ಚಾಂಪಿಯನ್‌ಶಿಪ್ ಗೆದ್ದದ್ದು ಬಹುಪಾಲು ರಕ್ಷಣೆಯ ಬಲದಿಂದ. ಅವನ ಅಧಿಕೃತ ಬ್ಲಾಕ್‌ಗಳ ಲೆಕ್ಕ ಶೂನ್ಯ. ಸಾರ್ವಕಾಲಿಕ ಪಟ್ಟಿ ನೋಡುವಾಗ ಈ ಇಸವಿಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳದಿದ್ದರೆ ಸತ್ತವರಿಗೆ ಮೋಸ ಮಾಡಿದಂತೆ.

ಬರೆಯುವ ಕೈಯೂ ತಪ್ಪಬಹುದು, ಆಡುವ ಕೈಯೂ ಅಂಕಿಗಾಗಿ ಅಡ್ಡದಾರಿ ಹಿಡಿಯಬಹುದು. 1990ರ ಮಾರ್ಚ್ ಮೊದಲಿಗೆ ಹಕೀಮ್ ಒಲಾಜುವಾನ್‌ಗೆ ಒಂದು ಅಸಿಸ್ಟ್ ಕಡಿಮೆಯಾಗಿ ನಾಲ್ಕು ಕಾಲಂನಲ್ಲಿ ಎರಡಂಕಿ ತಪ್ಪಿತ್ತು. ಪಂದ್ಯದ ನಂತರ ಟೇಪ್ ನೋಡಿ ಹತ್ತನೇ ಅಸಿಸ್ಟ್ ಸೇರಿಸಿದರು. ಲೀಗ್ ಒಪ್ಪದೆ ಅದನ್ನು ತೆಗೆದುಹಾಕಿತು. ಅದೇ ತಿಂಗಳ 29ರಂದು ಅವನು 18 ಪಾಯಿಂಟ್, 16 ರೀಬೌಂಡ್, 10 ಅಸಿಸ್ಟ್, 11 ಬ್ಲಾಕ್‌ನೊಂದಿಗೆ ಯಾರ ಹಂಗೂ ಇಲ್ಲದೆ ಅದನ್ನು ಸಾಧಿಸಿದ. 2003ರಲ್ಲಿ ರಿಕಿ ಡೇವಿಸ್ ತ್ರಿಪಲ್ ಡಬಲ್‌ಗೆ ಒಂದು ರೀಬೌಂಡ್ ಬೇಕೆಂದು ತನ್ನದೇ ತಂಡ ಕಾಯುವ ಬುಟ್ಟಿಗೆ ಎಸೆದು ಬಾಲ್ ಹಿಡಿದ. ತನ್ನ ಬುಟ್ಟಿಗೆ ಎಸೆದದ್ದು ಎಸೆತವೇ ಅಲ್ಲ; ಎಸೆತ ಇಲ್ಲದಲ್ಲಿ ರೀಬೌಂಡ್ ಇಲ್ಲ. ಕಾಲಂಗೆ ಏನೂ ಸೇರಲಿಲ್ಲ.

ಬೇರೆ ಬೇರೆ ಕಾಲದ, ಬೇರೆ ಲೀಗಿನ ಅಂಕಿಗಳನ್ನು ಪಕ್ಕಪಕ್ಕ ಇಡುವ ಮೊದಲು ವೇಗ ನೋಡಬೇಕು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ 19, ಮಿನಿಯಾಪೊಲಿಸ್ ಲೇಕರ್ಸ್ 18 ಎಂದು ಒಂದು ಪಂದ್ಯ ಮುಗಿಯಿತು. ಪಿಸ್ಟನ್ಸ್ ಬಾಲನ್ನು ಹಿಡಿದುಕೊಂಡೇ ಕಾಲ ಕಳೆದರು. ಲೇಕರ್ಸ್‌ನ 18ರಲ್ಲಿ 15 ಜಾರ್ಜ್ ಮೈಕನ್‌ನದ್ದು. ಇಂಥ ಆಟಕ್ಕೆ ಕೊನೆ ಹಾಡಿದ್ದು 1954ರಲ್ಲಿ ಬಂದ ಶಾಟ್ ಕ್ಲಾಕ್, ಅಂದರೆ 24 ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ನಿಯಮ. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಹಾಕಿದ ಲೆಕ್ಕ ಸರಳ: ನೋಡಲು ಚೆನ್ನಾಗಿರುವ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಎಸೆತ, 48 ನಿಮಿಷ ಎಂದರೆ 2880 ಸೆಕೆಂಡ್, ಭಾಗಿಸಿದರೆ 24. ನಮ್ಮಲ್ಲಿ ಆಡುವ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಕ್ವಾರ್ಟರಿಗೆ 10 ನಿಮಿಷ, ಒಟ್ಟು 40. ಐದನೇ ಫೌಲಿಗೆ ಹೊರಗೆ, ಎನ್‌ಬಿಎಯಲ್ಲಿ ಆರನೆಯದಕ್ಕೆ. ಆದ್ದರಿಂದ ಪಂದ್ಯಕ್ಕೆ ಇಷ್ಟು ಪಾಯಿಂಟ್ ಎನ್ನುವ ಬದಲು ಅವಕಾಶಕ್ಕೆ ಇಷ್ಟು ಎಂದು ಹೇಳುವುದೇ ನ್ಯಾಯ.

ಇಲ್ಲಿ ಅವಕಾಶ ಎಂದರೆ ಬಾಲ್ ತಂಡದ ಕೈಗೆ ಬಂದು ಎದುರಾಳಿಗೆ ಹೋಗುವವರೆಗಿನ ಒಂದು ಸರದಿ, ಮೇಲೆ ಹೇಳಿದ ಎಸೆಯುವ ಅವಕಾಶವಲ್ಲ. ಅದರ ಲೆಕ್ಕ ಯಾವ ಶಾಲೆಯ ಅಂಗಣದಲ್ಲೂ ಮಾಡಬಹುದು. ಎಸೆತದಲ್ಲಿ ಆಫೆನ್ಸಿವ್ ರೀಬೌಂಡ್ ಕಳೆಯಿರಿ, ಟರ್ನ್‌ಓವರ್ ಕೂಡಿಸಿ, ಫ್ರೀ ಥ್ರೋದ 0.44 ಪಾಲು ಕೂಡಿಸಿ. ಒಂದು ತಂಡ 58 ಎಸೆದು 20 ಹಾಕಿದೆ, ಅದರಲ್ಲಿ 3 ತ್ರೀ, ಫ್ರೀ ಥ್ರೋ 14ಕ್ಕೆ 6, ಆಫೆನ್ಸಿವ್ ರೀಬೌಂಡ್ 9, ಟರ್ನ್‌ಓವರ್ 21 ಎಂದಿಟ್ಟುಕೊಳ್ಳಿ. ಎದುರು ತಂಡ 62 ಎಸೆದು 23, ತ್ರೀ 2, ಫ್ರೀ ಥ್ರೋ 14ಕ್ಕೆ 7, ಆಫೆನ್ಸಿವ್ ರೀಬೌಂಡ್ 8, ಟರ್ನ್‌ಓವರ್ 16. ಸ್ಕೋರು 49-55. ಎರಡಕ್ಕೂ ಅವಕಾಶ ಹತ್ತಿರ ಹತ್ತಿರ 76. ಸೋತ ತಂಡದ ಮಕ್ಕಳು ನಮ್ಮ ಶೂಟಿಂಗ್ ಸರಿಯಿಲ್ಲ ಎಂದು ಕೊರಗುತ್ತಾರೆ, ಮರುದಿನದಿಂದ ಬರೀ ಎಸೆಯುವ ಅಭ್ಯಾಸ. ಆರರ ಅಂತರವನ್ನು ಬಿಡಿಸಿದರೆ ಮೂರು ಪಾಯಿಂಟ್ ಬಂದದ್ದು ನಾಲ್ಕು ಎಸೆತ ಕಡಿಮೆಯಾದದ್ದರಿಂದ, ಎರಡು ಗುರಿಯಿಂದ, ಒಂದು ಫ್ರೀ ಥ್ರೋದಿಂದ. ದೊಡ್ಡ ತೂತು ಇರುವುದು ಕೈಜಾರಿದ ಐದು ಹೆಚ್ಚುವರಿ ಬಾಲ್‌ಗಳಲ್ಲಿ. ಅಭ್ಯಾಸ ಬೇಕಾದದ್ದು ಪಾಸಿಗೆ.

ಡೀನ್ ಆಲಿವರ್ ಎಂಬ ವಿಶ್ಲೇಷಕ ಗೆಲುವಿನ ಕಾರಣಗಳನ್ನು ನಾಲ್ಕಕ್ಕೆ ಇಳಿಸಿ ತೂಕ ಕೊಟ್ಟಿದ್ದಾನೆ: ಗುರಿಗೆ 40, ಟರ್ನ್‌ಓವರಿಗೆ 25, ರೀಬೌಂಡಿಗೆ 20, ಫ್ರೀ ಥ್ರೋಗೆ 15. ಅದು ದೊಡ್ಡ ಲೀಗಿನ ತೂಕ. ಮಕ್ಕಳ ಆಟದಲ್ಲಿ ಬಾಲ್ ಕೈತಪ್ಪುವುದು ಎಷ್ಟೋ ಹೆಚ್ಚು, ಹಾಗಾಗಿ ಅಲ್ಲಿ ಟರ್ನ್‌ಓವರಿನ ತೂಕವನ್ನು ಏರಿಸಿಕೊಂಡು ನೋಡಬೇಕೆಂದೇ ನನ್ನ ಅಭಿಪ್ರಾಯ.

ಆದರೆ ಇದೆಲ್ಲ ಆಗಬೇಕಾದರೆ ಯಾರಾದರೂ ಬರೆದಿಡಬೇಕು. ಅಧಿಕೃತ ಸ್ಕೋರ್‌ಶೀಟಿನಲ್ಲಿ ಪಾಯಿಂಟ್, ಫೌಲ್, ಟೈಮ್‌ಔಟ್ ಮಾತ್ರ ಇರುತ್ತದೆ. ಬಿದ್ದ ಎಸೆತಕ್ಕೆ ಓರೆಗೆರೆ, ಫ್ರೀ ಥ್ರೋಗೆ ತುಂಬಿದ ಚುಕ್ಕೆ, ತ್ರೀ ಆದರೆ ಆಟಗಾರನ ನಂಬರಿಗೆ ಸುತ್ತು; ಒಂದು ಮತ್ತು ಮೂರನೇ ಕ್ವಾರ್ಟರಿಗೆ ಕೆಂಪು ಪೆನ್ನು, ಎರಡು ಮತ್ತು ನಾಲ್ಕಕ್ಕೆ ನೀಲಿ ಅಥವಾ ಕಪ್ಪು. ತಪ್ಪಿದ ಎಸೆತಕ್ಕೆ ಅದರಲ್ಲಿ ಜಾಗವೇ ಇಲ್ಲ. ಆದ್ದರಿಂದ ಅಂಕಿಅಂಶಕ್ಕೆ ಬೇರೆಯೇ ಹಾಳೆ, ಬೇರೆಯೇ ಇಬ್ಬರು ಬೇಕು. ಒಬ್ಬರು ಕಣ್ಣು ಕೀಳದೆ ನೋಡುತ್ತಾ ಹೇಳಬೇಕು, ಇನ್ನೊಬ್ಬರು ತಲೆ ಎತ್ತದೆ ಬರೆಯಬೇಕು. ಒಬ್ಬರೇ ಎರಡೂ ಮಾಡಿದರೆ ಮೊದಲು ತಪ್ಪಿಹೋಗುವುದು ಆಫೆನ್ಸಿವ್ ರೀಬೌಂಡ್, ಏಕೆಂದರೆ ತಪ್ಪಿದ ಎಸೆತ ಬರೆಯಲು ತಲೆ ಬಗ್ಗಿಸಿದ ಆ ಒಂದು ಸೆಕೆಂಡಿನಲ್ಲೇ ಅದು ಆಗಿರುತ್ತದೆ. ಹೇಳುವವರು ಬಣ್ಣ, ನಂಬರು, ಕೆಲಸ, ಈ ಕ್ರಮ ತಪ್ಪಬಾರದು: ನೀಲಿ ಏಳು ಎರಡು ತಪ್ಪಿತು, ಬಿಳಿ ಹನ್ನೆರಡು ರೀಬೌಂಡ್. ಮಲಯಾಳದಲ್ಲಿ ಹೇಳಿ ಕನ್ನಡದಲ್ಲಿ ಬರೆದರೂ ಅಡ್ಡಿಯಿಲ್ಲ, ನಮ್ಮ ಮಕ್ಕಳಿಗೆ ಅದು ಹೊಸತೂ ಅಲ್ಲ. ನಂಬರನ್ನು ಮಾತ್ರ ಇಬ್ಬರೂ ಮೊದಲೇ ಒಪ್ಪಿಕೊಂಡ ಒಂದೇ ಭಾಷೆಯಲ್ಲಿ ಹೇಳಬೇಕು.

ತಪ್ಪುವ ಜಾಗಗಳು ಯಾವಾಗಲೂ ಅವೇ. ಎಸೆಯುವಾಗ ಫೌಲಾಗಿ ಬಾಲ್ ಬೀಳದಿದ್ದರೆ ಅದು ಎಸೆತದ ಲೆಕ್ಕಕ್ಕೆ ಸೇರುವುದಿಲ್ಲ, ಬಿದ್ದರೆ ಸೇರುತ್ತದೆ. ಬ್ಲಾಕ್ ಆದದ್ದೂ ತಪ್ಪಿದ ಎಸೆತವೇ, ಅದರ ನಂತರ ಬಾಲ್ ಹಿಡಿದವರಿಗೆ ರೀಬೌಂಡ್ ಕೊಡಬೇಕು. ತಪ್ಪಿದ ಬಾಲನ್ನು ಗಾಳಿಯಲ್ಲೇ ತಳ್ಳಿ ಹಾಕಿದರೆ ಆಫೆನ್ಸಿವ್ ರೀಬೌಂಡೂ ಬರೆಯಬೇಕು, ಹೊಸ ಎಸೆತವೂ ಬರೆಯಬೇಕು. ಬಾಲ್ ನೇರ ಹೊರಗೆ ಹೋದರೆ ರೀಬೌಂಡ್ ತಂಡದ ಹೆಸರಿಗೆ. ಪ್ರತಿ ಸ್ಟೀಲಿನ ಎದುರು ಒಂದು ಟರ್ನ್‌ಓವರ್ ಇರಲೇಬೇಕು, ಆದರೆ ಟ್ರಾವೆಲಿಂಗ್‌ನಂಥ (ಬಾಲ್ ಪುಟಿಸದೆ ಹೆಜ್ಜೆ ಹಾಕುವ) ಟರ್ನ್‌ಓವರಿಗೆ ಸ್ಟೀಲ್ ಇಲ್ಲ. ಕಾಲು ಗೆರೆ ಮುಟ್ಟಿದ್ದರೆ ತ್ರೀ ಅಲ್ಲ. ನಿಮಗೆ ಕಂಡದ್ದಕ್ಕಿಂತ ರೆಫರಿಯ ಮೂರು ಬೆರಳಿಗೆ ಬೆಲೆ. ಆಕಸ್ಮಿಕವಾಗಿ ಸ್ವಂತ ಬುಟ್ಟಿಗೆ ಬಿದ್ದ ಬಾಲಿನ ಪಾಯಿಂಟು ಫಿಬಾ ನಿಯಮದಲ್ಲಿ ಅಂಗಣದಲ್ಲಿರುವ ಎದುರು ತಂಡದ ಕ್ಯಾಪ್ಟನ್ ಹೆಸರಿಗೆ.

ಅಸಿಸ್ಟ್ ಒಂದೇ ತಕರಾರಿನ ಕಾಲಂ. ಪಾಸ್ ನೇರವಾಗಿ ಬುಟ್ಟಿಗೆ ದಾರಿ ಮಾಡಿಕೊಟ್ಟಿತೇ ಎನ್ನುವುದು ಬರೆಯುವವರ ತೀರ್ಮಾನ. ಪಾಸ್ ಹಿಡಿದು ಫೌಲಾಗಿ ಒಂದಾದರೂ ಫ್ರೀ ಥ್ರೋ ಹಾಕಿದರೆ ಫಿಬಾ ಲೆಕ್ಕದಲ್ಲಿ ಅಸಿಸ್ಟ್ ಉಂಟು, ಎನ್‌ಬಿಎಯಲ್ಲಿ ಇಲ್ಲ. ಯಾವುದನ್ನು ಅನುಸರಿಸುತ್ತೀರಿ ಎಂದು ಟೂರ್ನಮೆಂಟಿನ ಮೊದಲ ದಿನವೇ ನಿರ್ಧರಿಸಿ ಕೊನೆಯವರೆಗೆ ಅದನ್ನೇ ಹಿಡಿಯಬೇಕು. ಅತಿಥೇಯ ಶಾಲೆಯ ಮಕ್ಕಳಿಗೆ ಧಾರಾಳ, ಹೊರಗಿನವರಿಗೆ ಬಿಗಿ ಎಂದಾದರೆ ಹಾಳೆಗೆ ಮರ್ಯಾದೆ ಉಳಿಯುವುದಿಲ್ಲ.

ತೆರೆದ ಅಂಗಣದಲ್ಲಿ ಪಂದ್ಯವಾದರೆ ಪೆನ್ಸಿಲ್ಲೇ ಒಳ್ಳೆಯದು. ಒಂದು ಹನಿ ಬಿದ್ದರೂ ಜೆಲ್ ಪೆನ್ನು ಹರಡುತ್ತದೆ. ಪ್ರತಿ ಕ್ವಾರ್ಟರಿನ ಕೊನೆಗೆ ಎರಡು ನಿಮಿಷದ ಬಿಡುವಿನಲ್ಲೇ ತಾಳೆ ನೋಡಬೇಕು, ಪಂದ್ಯ ಮುಗಿದ ಮೇಲೆ ತಪ್ಪು ಹುಡುಕುವುದೆಂದರೆ ಹುಲ್ಲಿನ ಮೆದೆಯಲ್ಲಿ ಅಡಿಕೆ ಹುಡುಕಿದಂತೆ. ಬಿದ್ದ ಎಸೆತದ ಎರಡರಷ್ಟು, ತ್ರೀ, ಫ್ರೀ ಥ್ರೋ ಕೂಡಿದರೆ ಸ್ಕೋರ್‌ಬೋರ್ಡಿನ ಮೊತ್ತ ಬರಬೇಕು. ಆಟಗಾರರ ನಿಮಿಷ ಕೂಡಿದರೆ 200, ಎನ್‌ಬಿಎಯಾದರೆ 240. ಪ್ಲಸ್-ಮೈನಸ್ ಬರೆದಿದ್ದರೆ ಒಂದು ತಂಡದ ಎಲ್ಲರದ್ದೂ ಕೂಡಿ ಗೆಲುವಿನ ಅಂತರದ ಐದರಷ್ಟು. ಆ ಏಳನೇ ಪಂದ್ಯದಲ್ಲಿ ಕ್ಯಾವಲಿಯರ್ಸ್‌ಗೆ 20. ಎರಡು ತಂಡಗಳ ಅವಕಾಶದ ಲೆಕ್ಕ ಎರಡು ಮೂರಕ್ಕಿಂತ ಹೆಚ್ಚು ಬೇರೆಯಾದರೆ ಟರ್ನ್‌ಓವರೋ ಆಫೆನ್ಸಿವ್ ರೀಬೌಂಡೋ ಎಲ್ಲೋ ಬಿಟ್ಟುಹೋಗಿದೆ ಎಂದರ್ಥ.

ಕೊನೆಯದು ರೀಬೌಂಡಿನ ತಾಳೆ, ಎಲ್ಲಕ್ಕಿಂತ ತಲೆನೋವಿನದ್ದು. ತಪ್ಪಿದ ಎಸೆತಗಳು, ಜತೆಗೆ ತಪ್ಪಿದ ಮೇಲೂ ಆಟ ಮುಂದುವರಿದ ಫ್ರೀ ಥ್ರೋಗಳು, ಇವುಗಳ ಮೊತ್ತ ಎರಡೂ ಕಡೆಯ ರೀಬೌಂಡಿಗೆ ಸಮ ಬರಬೇಕು. ಕ್ವಾರ್ಟರಿನ ಗಂಟೆಯೊಂದಿಗೆ ತಪ್ಪಿದ್ದನ್ನು ಬಿಡಬಹುದು. ಓಕ್ಲೆಂಡಿನ ಆ ಪಂದ್ಯದಲ್ಲಿ ತಪ್ಪಿದ್ದು ನೂರು, ಆಟಗಾರರ ಹೆಸರಿನಲ್ಲಿ ಇರುವ ರೀಬೌಂಡ್ 87. ಉಳಿದವು ಯಾವ ಆಟಗಾರನ ಹೆಸರಿಗೂ ಸೇರಲಿಲ್ಲ; ಯಾರ ಕೈಗೂ ನಿಲ್ಲದೆ ಗೆರೆ ದಾಟುವಂಥವು ತಂಡದ ಹೆಸರಿಗೆ ಹೋಗುತ್ತವೆ. ಶಾಲೆಯ ಹಾಳೆಯಲ್ಲಿ ನಾಲ್ಕೋ ಐದೋ ಕಡಿಮೆ ಬಂದರೆ ಯಾವುದೋ ಹುಡುಗಿಯ ಹೆಸರಿಗೆ ಸೇರಿಸಿ ಸಮ ಮಾಡಬೇಡಿ. ತಂಡದ ಸಾಲಿನಲ್ಲಿ ಗೆರೆ ಎಳೆದು ಎಷ್ಟು ಕಡಿಮೆ ಎಂದು ಅಂಚಿನಲ್ಲಿ ಬರೆಯಿರಿ; ತಾರೀಕು, ಜಾಗ, ಹೇಳಿದವರು ಯಾರು, ಬರೆದವರು ಯಾರು ಎಂದು ಕೆಳಗೆ ಹಾಕಿ, ಒಂದು ಫೋಟೋ ತೆಗೆದು, ಹಾಳೆಯನ್ನು ಪ್ಲಾಸ್ಟಿಕ್ ಕವರಿನೊಳಗೆ ಇಡಿ. ಮಳೆಗೆ ಮೊದಲು ಒದ್ದೆಯಾಗುವುದು ಮೇಜಿನ ಮೇಲಿನ ಕಾಗದ.